ಪೌಷಕ್ಕೆ ಹುಲ್ಲು ಕಟ್ಟಿದವನು

ಹೋದ ತಿಂಗಳು ಆತನಿಗೆ ಡೆಹರಾಡೂನಿಗೆ ವರ್ಗವಾಯಿತು. ಹೊರಡುವ ದಿನ ಲಿಫ್ಟಿನ ಮುಂದೆ ನಿಂತು, ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಬರ್ತೇನ್ರಿ ಅಕ್ಕಾರ" ಎಂದು ಕೈ ಮುಗಿದ. ನಾನು "ಹೂಂ" ಅಂದೆ. ಒಂಬತ್ತು ವರ್ಷ ಎದುರು ಬಾಗಿಲಲ್ಲಿದ್ದ ಮನುಷ್ಯನಿಗೆ ನಾನು ಅಷ್ಟೇ ಹೇಳಿ ಕಳಿಸಿದೆ ಅಂದರೆ ನಮ್ಮ ಕಟ್ಟಡದಲ್ಲಿ ಯಾರೂ ನಂಬಲಾರರು. ನನ್ನ ಬಾಯಿ ಎಂಥದ್ದು ಅಂತ ಬಂಗಾಳದ ಈ ನ್ಯೂ ಟೌನಿನ ತರಕಾರಿಯವರಿಗೂ ಗೊತ್ತು. ಹೇಳಬೇಕಾದ ಮಾತೊಂದು ನಾಲ್ಕು ವರ್ಷದಿಂದ ಗಂಟಲಲ್ಲಿತ್ತು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಅದು ಅಲ್ಲೇ ಉಳಿಯಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಆತ ಧಾರವಾಡದ ಕಡೆಯವನು. ಸೆಕ್ಟರ್ ಫೈವ್‌ನಲ್ಲಿ ಕೇಂದ್ರ ಸರ್ಕಾರದ ಯಾವುದೋ ಕಚೇರಿಯಲ್ಲಿ ನಕ್ಷೆ ತಯಾರಿಸುವ ಕೆಲಸ. ಉದ್ದ ಆಳು, ಸ್ವಲ್ಪ ಬಾಗಿದ ಬೆನ್ನು, ಭಾನುವಾರವೂ ಕಿವಿಯ ಹಿಂದೆ ಒಂದು ಪೆನ್ಸಿಲು. ಮಕ್ಕಳ ಜೊತೆ ಮಾತಾಡಬೇಕಾದರೆ ನಿಂತು ಮಾತಾಡಿದವನೇ ಅಲ್ಲ, ಕುಕ್ಕರಗಾಲಲ್ಲಿ ಕೂತೇ ಮಾತು. ಅವರನ್ನು ಮುಟ್ಟುವ ಮೊದಲು ಅಂಗೈ ಒರೆಸಿಕೊಳ್ಳುತ್ತಿದ್ದ. ಕೈ ಒದ್ದೆಯಿರಲಿ ಬಿಡಲಿ, ಕೊಳೆಯಿರಲಿ ಬಿಡಲಿ, ಮೊದಲು ಒರೆಸಬೇಕು. ಏನು ಕೇಳಿದರೂ "ನೋಡೂಣು ತಗೋರಿ" ಎಂಬುದು ಉತ್ತರ. ಎಂಟು ವರ್ಷ ಬಂಗಾಳಿ ಹೆಂಡತಿಯ ಜೊತೆ ಸಂಸಾರ ಮಾಡಿಯೂ ಆತ ಕಲಿತ ಬಂಗಾಳಿ, ಮೀನಿನವನ ಹತ್ತಿರ ವ್ಯಾಪಾರ ಮಾಡುವಷ್ಟು ಮಾತ್ರ. ಅದೂ ಸ್ವತಃ ಮೀನು ತಿನ್ನದವನು! ಗಂಡ ಹೆಂಡತಿ ಹಿಂದಿಯಲ್ಲೇ ಪ್ರೀತಿಸಿ, ಹಿಂದಿಯಲ್ಲೇ ಜಗಳವಾಡಿ, ಬೇಜಾರಾದಾಗ ಇಂಗ್ಲಿಷಿಗೆ ಹೋಗುತ್ತಿದ್ದರು.

ಆ ಹುಡುಗಿ ಬರ್ಧಮಾನ್ ಕಡೆಯ ಹಳ್ಳಿಯವಳು. ಮದುವೆ ಎರಡೂ ಕಡೆಯವರಿಗೆ ಬೇಡವಾಗಿತ್ತು. ಅವಳ ತಾಯಿ ಎಂಟು ವರ್ಷದಲ್ಲಿ ಬಂದದ್ದು ಎರಡೇ ಸಲ, ಎರಡು ಬಾಣಂತನಕ್ಕೆ. ಮಗಳು ಟುಕಿ, ಮಗ ಬಿಟ್ಟು. ಟುಕಿಗೆ ಐದಾಗುವ ಹೊತ್ತಿಗೆ, ದುರ್ಗಾ ಪೂಜೆಯ ರಜೆ ಮುಗಿಯುತ್ತಿದ್ದ ಹಾಗೆ, ಹತ್ತೇ ದಿನದ ಡೆಂಗಿ ಜ್ವರದಲ್ಲಿ ಅವಳು ಹೋಗಿಬಿಟ್ಟಳು. ಬಿಟ್ಟುಗೆ ಮೂರು ತುಂಬಿರಲಿಲ್ಲ.

ಆಮೇಲೆ ಕೆಲವು ವಾರ ಆತ ಏನು ಮಾಡಿದ ಎಂದು ನನಗೆ ಗೊತ್ತಿಲ್ಲ. ಬಾಗಿಲು ಹಾಕಿರುತ್ತಿತ್ತು. ಒಂದು ದಿನ ಟುಕಿ ಅಪ್ಪನ ಕೈ ಹಿಡಿದು ಕೆಳಗೆ ಹೋಗುತ್ತಾ ಕೇಳಿದ್ದು ನನ್ನ ಕಿವಿಗೇ ಬಿತ್ತು: "ಪಪ್ಪಾ, ಮಾ ಕೆ ಸಾಥ್ ಪೂಜೋ ಭೀ ಚಲೀ ಗಯೀ ಕ್ಯಾ?" ಅಮ್ಮನ ಜೊತೆ ಹಬ್ಬಗಳೂ ಹೋದವಾ ಅಂತ. ಆತ ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿದ. ಅಂಗೈ ಒರೆಸಿಕೊಂಡು ಮಗಳ ಎರಡೂ ಕೆನ್ನೆ ಹಿಡಿದ.

ಮರುವಾರ ಅವರ ಫ್ರಿಜ್ಜಿನ ಮೇಲೆ ಒಂದು ದೊಡ್ಡ ಹಾಳೆ ಬಂತು. ಗೆರೆ ಎಳೆದು ಹದಿಮೂರು ಮನೆ. ಹನ್ನೆರಡು ತಿಂಗಳಿಗೆ ಹದಿಮೂರು ಹಬ್ಬ ಎಂದು ಬಂಗಾಳಿಗಳು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರಲ್ಲ, ಈತ ಅದನ್ನು ಸರ್ಕಾರಿ ಆದೇಶ ಎಂದುಕೊಂಡಿದ್ದ. ಒಂದೊಂದು ಮನೆಯಲ್ಲಿ ಒಂದೊಂದು ಹಬ್ಬ, ಬೇಕಾದ ಸಾಮಾನು, ವಿಧಾನ. ತನಗೆ ಗೊತ್ತಿಲ್ಲದ ಕಡೆಯೆಲ್ಲ ಕೆಂಪು ತ್ರಿಕೋನ. ನಾನು ನೋಡಿದಾಗ ಹಾಳೆಯ ತುಂಬಾ ತ್ರಿಕೋನಗಳೇ ಇದ್ದವು.

"ಅಲ್ಲಪ್ಪಾ, ನಮ್ಮ ಹಬ್ಬ ಮಾಡು. ಸಂಕ್ರಾಂತಿಗೆ ಎಳ್ಳು ಬೀರೋದು, ಯುಗಾದಿಗೆ ಬೇವು ಬೆಲ್ಲ. ಎಲ್ಲಾ ನಾನೇ ಮಾಡಿಕೊಡ್ತೀನಿ. ಮಕ್ಕಳಿಗೆ ಹಬ್ಬ ಅಂದ್ರೆ ಆಯ್ತು, ಯಾವುದಾದ್ರೇನು?" ಎಂದೆ.

"ಹಂಗಲ್ರಿ ಅಕ್ಕಾರ. ನಮ್ಮ ಹಬ್ಬಾ ಎಲ್ಲಿ ಓಡಿ ಹೋಗತಾವ? ಅವು ನನಗ ಗೊತ್ತದಾವ, ಯಾವಾಗರೆ ಮಾಡೇನು. ಆಕಿ ಹಬ್ಬಾ ಹೇಳಕೊಡಾವ್ರು ಯಾರೂ ಉಳದಿಲ್ಲ. ಮೊದಲ ಅವು ಉಳೀಲಿ."

ಈ ಮಾತಿಗೆ ನನ್ನ ಹತ್ತಿರ ಜವಾಬಿರಲಿಲ್ಲ. ಜವಾಬಿಲ್ಲದಿದ್ದರೆ ನನಗೆ ಸಿಟ್ಟು ಬರುತ್ತದೆ. ಅದು ನನ್ನ ಹುಟ್ಟುಗುಣ.

ಮೊದಲು ಬಂದದ್ದು ಸರಸ್ವತಿ ಪೂಜೆ. ಇಲ್ಲಿ ಪೂಜೆಗೆ ಮೊದಲು ಮಕ್ಕಳು ಎಲಚಿ ಹಣ್ಣು ಬಾಯಿಗಿಡಬಾರದು, ಇಟ್ಟರೆ ಸರಸ್ವತಿ ಮುನಿಯುತ್ತಾಳೆ, ಪರೀಕ್ಷೆಯಲ್ಲಿ ನಪಾಸು. ಶಾಲೆಗೆ ಹೋಗುವ ಮಕ್ಕಳಿಗೆಲ್ಲ ಇದು ಗೊತ್ತು. ಈತನಿಗೆ ಗೊತ್ತಿಲ್ಲ. ಪೂಜೆಗೆ ನಾಲ್ಕು ದಿನ ಮೊದಲು, ಹಬ್ಬದ ಹಣ್ಣು ಎಂದು ಒಂದು ಕಿಲೋ ತಂದು, ಬೀಜ ಬಿಡಿಸಿ, ಇಬ್ಬರಿಗೂ ತಿನ್ನಿಸಿದ. ನುಂಗಿದ ಮೇಲೆ ಟುಕಿಗೆ ನೆನಪಾಯಿತು. ಆ ಮಗು ಅತ್ತದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಮರುದಿನ ಈ ಮಹಾನುಭಾವ ರಜೆ ಹಾಕಿ ಶಾಲೆಗೆ ಹೋಗಿ, ಟೀಚರಿಗೆ ಕೈ ಮುಗಿದು, ಗೊತ್ತಿಲ್ಲದೆ ತಿಂದರೆ ದೋಷವಿಲ್ಲ ಎಂದು ಮಗುವಿಗೆ ನೀವೇ ಹೇಳಬೇಕು ಎಂದು ಗೋಗರೆದನಂತೆ. ಟೀಚರು ಹೇಳಿದರು. ಟುಕಿ ಅರ್ಧ ನಂಬಿದಳು. ಆತ ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಎಲಚಿ ಹಣ್ಣಿನ ಚಿತ್ರ ಬರೆದು ಅಡ್ಡ ಗೀಟು ಎಳೆದ.

ಇದನ್ನು ನಾನು ಎಷ್ಟು ಜನಕ್ಕೆ ಹೇಳಿ ನಕ್ಕಿದ್ದೇನೋ. ಎದುರಿಗೇ ಆಡಿಕೊಂಡಿದ್ದೇನೆ. ಆತನೂ ನಗುತ್ತಿದ್ದ. ಆದರೆ ಆ ನಗೆಯ ಹಿಂದೆ ಆತನ ಮುಖ ದಿನೇ ದಿನೇ ಇಳಿಯುತ್ತಿತ್ತು. ಹೆಂಡತಿ ಇದ್ದಾಗ ತುಂಬಿದ್ದ ಕೆನ್ನೆ ಒಳಗೆ ಹೋಗಿತ್ತು, ಶರ್ಟು ಹೆಗಲಿಂದ ಜಾರುತ್ತಿತ್ತು. ಬೆಳಗ್ಗೆ ಮಕ್ಕಳ ಟಿಫಿನ್ನು, ಶಾಲೆಯ ಬಸ್ಸು, ಕಚೇರಿ, ಸಂಜೆ ಮತ್ತೆ ಅಡುಗೆ, ಅದರ ಮೇಲೆ ಈ ಹದಿಮೂರು ಹಬ್ಬದ ಹೊರೆ. ದೀಪಾವಳಿಯ ಮರುದಿನಗಳಲ್ಲಿ ಅಕ್ಕ ತಮ್ಮನ ಹಣೆಗೆ ಗಂಧವಿಟ್ಟು ಅವನ ಆಯುಸ್ಸಿಗೆ ಹರಸುವ ಹಬ್ಬ ಬಂದಾಗ, ಹೇಳಬೇಕಾದ ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಟುಕಿಗೆ ಒಂದೊಂದೇ ಸಾಲು ಹೇಳಿಕೊಡುತ್ತಿದ್ದ. ಅರ್ಧ ಸಾಲಿಗೇ ನಿಲ್ಲಿಸಿ ಎದ್ದು ಬಚ್ಚಲಿಗೆ ಹೋದ. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಬರುತ್ತಿತ್ತು. ಟುಕಿ ಗಂಧದ ಬೆರಳು ಮೇಲೆತ್ತಿಕೊಂಡು ನನ್ನ ಮುಖ ನೋಡುತ್ತಾ ಕೂತಿದ್ದಳು.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಡಿಸೆಂಬರಿನಲ್ಲಿ ಅವರ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಿದ್ದ ಕೆಲಸದ ಮಾಶಿ ತನ್ನ ಮಗಳ ಹೆರಿಗೆಗೆಂದು ಊರಿಗೆ ಹೋದವಳು ಬರಲಿಲ್ಲ. ಶಾಲೆಗೆ ಚಳಿಗಾಲದ ರಜೆ. ನಾನು ಒಂದು ದಿನ ಹುಳಿಯನ್ನ ಮಾಡಿ ಡಬ್ಬಿ ತುಂಬಿ ಕೊಟ್ಟೆ. ಎರಡನೇ ದಿನ ಕೊಡಲು ಹೋದಾಗ ಆತ ಬಾಗಿಲಲ್ಲೇ ನಿಂತು, "ಬ್ಯಾಡ್ರಿ ಅಕ್ಕಾರ. ರೂಢಿ ಆದ್ರ ಕಷ್ಟ" ಎಂದ. ಡಬ್ಬಿಯನ್ನು ತಿರುಗಿ ತಂದೆ. ಮೈಸೂರು ಸೀಮೆಯಲ್ಲಿ ಹೆಂಗಸು ತುಂಬಿ ಕೊಟ್ಟ ಡಬ್ಬಿಯನ್ನು ಹಾಗೇ ಹಿಂದಕ್ಕೆ ಕಳಿಸುವುದು ಎಂಥ ಮಾತು ಎಂದು ಆತನಿಗೇನು ಗೊತ್ತು. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಚೆನ್ನಾಗಿಯೇ ಇಟ್ಟುಕೊಂಡೆ.

ಅದಾದ ವಾರಕ್ಕೆ, ಬೆಳಗ್ಗೆ ಹನ್ನೊಂದಕ್ಕೆ, ಆತ ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋದ. ದೆಹಲಿಯಿಂದ ಮೇಲಿನವರು ಬಂದಿದ್ದರಂತೆ, ಅರ್ಧ ಗಂಟೆ ಎಂದುಕೊಂಡಿದ್ದನಂತೆ. ಅದು ನನಗೆ ಆಮೇಲೆ ತಿಳಿದದ್ದು. ಹನ್ನೆರಡೂವರೆಗೆ ಬಿಟ್ಟು ಅಳಲು ಶುರು ಮಾಡಿದ. ಮೊದಲು ಜೋರಾಗಿ, ಆಮೇಲೆ ಬಿಕ್ಕುತ್ತಾ. ಟುಕಿ ಏನೋ ಹೇಳಿ ಸಮಾಧಾನ ಮಾಡುವುದೂ ಕೇಳುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವರ ಬಾಗಿಲ ಮುಂದೆ ನಿಂತೆ. ಕೈ ಎತ್ತಿದೆ. ತಟ್ಟಲಿಲ್ಲ. "ಟುಕಿ, ನಾನಿದೀನಿ ಕಣೇ" ಎಂದು ಒಂದು ಮಾತು ಬಾಗಿಲಾಚೆಯಿಂದ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ನನ್ನ ಡಬ್ಬಿ ಬೇಡವಾದವನಿಗೆ ನನ್ನ ಉಪಕಾರ ಯಾಕೆ ಎಂಬ ಒಂದು ಕೊಂಕು ಮನಸ್ಸಿನಲ್ಲಿತ್ತು. ಇವತ್ತು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ಇದ್ದದ್ದು ಅದೇ.

ತಿರುಗಿ ಮನೆಗೆ ಬಂದು ಫೋನು ಹಚ್ಚಿದೆ. ಆತನಿಗಲ್ಲ. ಬರ್ಧಮಾನಿಗೆ, ಮಕ್ಕಳ ಅಜ್ಜಿಗೆ. ಬಿಟ್ಟುವಿನ ಬಾಣಂತನಕ್ಕೆ ಬಂದಾಗ ಆಕೆ ನಂಬರು ಕೊಟ್ಟಿದ್ದರು. ನಮ್ಮ ಯಜಮಾನರಿಗೆ ಬಂದರಿನ ಕಡೆ ಕೆಲಸ, ಮೊದಲು ನಾವು ಖಿದಿರ್‌ಪುರದ ಕ್ವಾರ್ಟರ್ಸಿನಲ್ಲಿ ಹನ್ನೊಂದು ವರ್ಷ ಇದ್ದವರು. ನನ್ನ ಬಂಗಾಳಿಗೆ ತಡೆಯಿಲ್ಲ. "ಮಾಶಿಮಾ, ಮಕ್ಕಳನ್ನು ಕೂಡಿ ಹಾಕಿ ಹೋಗಿದ್ದಾನೆ" ಎಂದು ಶುರು ಮಾಡಿದವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹುಡುಗಿಯ ತಲೆ ಜಡೆಗಟ್ಟಿದೆ ಅಂದೆ, ಹುಡುಗ ಸೊರಗಿದ್ದಾನೆ ಅಂದೆ, ಇವನಿಗೆ ಹಬ್ಬದ ಹುಚ್ಚು ಹಿಡಿದಿದೆ ಅಂದೆ. ಎಲ್ಲವೂ ನಿಜವೇ. ನಿಜವನ್ನೂ ಹಲ್ಲು ಕಚ್ಚಿಕೊಂಡು ಹೇಳಿದರೆ ಅದು ಚಾಡಿಯೇ ಆಗುತ್ತದೆ. ಎರಡು ಗಂಟೆಗೆ ಆತ ಮೆಟ್ಟಿಲು ಹತ್ತಿ ಓಡಿ ಬಂದ ಸದ್ದು ಕೇಳಿತು. ಲಿಫ್ಟಿಗೂ ಕಾದಿರಲಿಲ್ಲ.

ಎರಡು ದಿನದ ಮೇಲೆ ಆತನೇ ನನ್ನ ಬಾಗಿಲಿಗೆ ಬಂದ. ಚೌಕಟ್ಟು ಹಿಡಿದುಕೊಂಡಿದ್ದ.

"ಅತ್ತಿಯವರ ಫೋನ್ ಬಂದಿತ್ರಿ. ಪೌಷ ಸಂಕ್ರಾಂತಿ ದಿನಾ ಬರ್ತಾರಂತ. ಹುಡುಗ್ರನ್ನ ಕರಕೊಂಡ ಹೋಗ್ತಾರಂತ. ಅಲ್ಲೇ ಸಾಲಿಗೆ ಹಚ್ಚತಾರಂತ."

"ನೀನೇನಂದೆ?"

"ಏನನ್ಲಿರಿ? ಕೀಲಿ ಹಾಕಿ ಹೋಗಿದ್ದು ಖರೇನ ಅದ. ಇಲ್ಲ ಅನ್ಲಾ?" ಅಂಗೈ ಒರೆಸಿಕೊಂಡ. "ಅವು ಹೋದ್ರ ನಾ ಉಳ್ಯಾಂಗಿಲ್ರಿ ಅಕ್ಕಾರ. ನನಗ ಮನ್ಯಾಗ ಹೊಳ್ಳಿ ಬರಾಕ ಕಾರಣಾನ ಇರೂದಿಲ್ಲ."

ಯಾರು ಹೇಳಿದರು ಎಂದು ಆತ ಕೇಳಲಿಲ್ಲ. ಕೇಳದಿದ್ದದ್ದು ನನಗೆ ದೊಡ್ಡ ಸಮಾಧಾನವಾಯಿತು. ಆತ ಕೇಳಿದ್ದು ಬೇರೆಯೇ.

"ಭತ್ತದ ಹುಲ್ಲ ಎಲ್ಲಿ ಸಿಗತದ್ರಿ?"

ಹೆಂಡತಿ ಹೋದ ಮೇಲೆ ಆತ ನನ್ನನ್ನು ಕೇಳಿದ ಮೊದಲ ಸಹಾಯ ಅದು. ವಿಷಯ ಹೀಗೆ. ಅವನ ಹೆಂಡತಿಯ ಹಳ್ಳಿಯಲ್ಲಿ ಪೌಷ ಸಂಕ್ರಾಂತಿಯ ಸಂಜೆ ಹೊಸ ಭತ್ತದ ಹುಲ್ಲಿನ ಎರಡು ಮೂರು ಎಳೆ ಹೆಣೆದು ಅಕ್ಕಿಯ ಡಬ್ಬಕ್ಕೆ, ಒಲೆಗೆ, ಬಾಗಿಲಿಗೆ ಕಟ್ಟುತ್ತಾರೆ. ಪೈರು ತಂದುಕೊಟ್ಟ ತಿಂಗಳು ಮನೆ ಬಿಟ್ಟು ಹೋಗದಿರಲಿ, ಇದ್ದದ್ದು ಉಳಿಯಲಿ ಎಂದು. ಅವಳು ಪ್ರತಿ ವರ್ಷ ಊರಿನಿಂದ ಬರುವವರ ಕೈಲಿ ಒಂದು ಹಿಡಿ ಹುಲ್ಲು ತರಿಸಿ ಫ್ಲಾಟಿನಲ್ಲಿ ಕಟ್ಟುತ್ತಿದ್ದಳು. ಹೋದ ವರ್ಷ ಹುಲ್ಲು ತರುವವರಿಲ್ಲದೆ ತಪ್ಪಿ ಹೋಗಿತ್ತು. ಈ ವರ್ಷ, ಅತ್ತೆ ಬರುವ ದಿನವೇ, ಅದು ಆಗಲೇಬೇಕು ಎಂದು ಆತನ ಹಟ.

ಕಂಪ್ಯೂಟರು ಕಂಪನಿಗಳ ಗಾಜಿನ ಕಟ್ಟಡಗಳ ನಡುವೆ ಭತ್ತದ ಹುಲ್ಲೆಲ್ಲಿ ಹುಡುಕೋಣ? ಈ ನೆಲವೆಲ್ಲ ಒಂದು ಕಾಲಕ್ಕೆ ಗದ್ದೆಯೇ ಆಗಿತ್ತಂತೆ, ಈಗ ಹುಲ್ಲೆಂದರೆ ಉದ್ಯಾನದ ಹುಲ್ಲುಹಾಸು. ನನಗೆ ಹೊಳೆದದ್ದು ಮೂರ್ತಿ ಮಾಡುವವರು. ಜನವರಿಯಲ್ಲಿ ಅವರು ಸರಸ್ವತಿಯ ಮೂರ್ತಿಗೆ ಹುಲ್ಲಿನ ಒಡಲು ಕಟ್ಟುತ್ತಿರುತ್ತಾರೆ, ಅದರ ಮೇಲೆ ಜೇಡಿಮಣ್ಣು ಮೆತ್ತುವುದು. ಹಳೆ ರಾಜಾರ್‌ಹಾಟ್ ರಸ್ತೆಯ ಒಂದು ಶೆಡ್ಡಿಗೆ ಇಬ್ಬರೂ ಹೋದೆವು. ಒಂದು ಹಿಡಿ ಸಾಕು ಎಂದು ನಾನು ಹೇಳುತ್ತಲೇ ಇದ್ದೆ, ಆತ ಒಂದು ಹೊರೆ ಹೊತ್ತು ತಂದ. ಕ್ಯಾಬಿನವನು ಸೀಟೆಲ್ಲ ಕಸ ಎಂದು ದಾರಿಯುದ್ದಕ್ಕೂ ಬೈದ. ಆತನಿಗೆ ಅದು ಕೇಳಿಸಲೇ ಇಲ್ಲ. ಮಡಿಲಲ್ಲಿ ಹೊರೆಯಿಟ್ಟುಕೊಂಡು ಎಳೆ ಆರಿಸುತ್ತಿದ್ದ.

ಸಂಕ್ರಾಂತಿಯ ದಿನ ನಾನೂ ಅವರ ಅಡುಗೆಮನೆ ಹೊಕ್ಕೆ. ನಲವತ್ತು ವರ್ಷದಿಂದ ಕಾವಲಿಯ ಮೇಲೆ ದೋಸೆ ಹುಯ್ಯುತ್ತಿರುವವಳಿಗೆ ಪಾಟಿಶಾಪ್ಟಾ ಏನು ಮಹಾ ಎಂದುಕೊಂಡಿದ್ದೆ. ಅದೂ ದೋಸೆಯೇ, ಒಳಗೆ ಕಾಯಿ ಮತ್ತು ಖರ್ಜೂರದ ಬೆಲ್ಲದ ಹೂರಣ, ಅಷ್ಟೇ. ಮೊದಲ ಐದು ಹರಿದವು, ಆರನೆಯದು ಸೀದಿತು. ಆತ ಹಿಟ್ಟು ಎಳೆದುಕೊಂಡು ಅವರ ಕಡೆಯ ಕಡುಬನ್ನು ಮಾಡಿ ಹಾಲಿನಲ್ಲಿ ಬೇಯಿಸಿದ. ಟುಕಿ ನೋಡಿ, "ಎಟಾ ತೋ ದೂಧ್ ಪುಲಿ!" ಎಂದಳು. ಇದು ನಮ್ಮ ಹಾಲಿನ ಪಿಠೆಯೇ, ಸಂಕ್ರಾಂತಿಯ ಅಕ್ಕಿಹಿಟ್ಟಿನ ಸಿಹಿಯೇ, ಅಲ್ಲವೇ ಎಂದು. ಆ ವರ್ಷ ಆತನಿಗೆ ಸಂದ ಒಂದೇ ಒಂದು ಪಾಸ್ ಮಾರ್ಕು ಅದು.

ಮೂರು ಗಂಟೆಯಿಂದ ಹುಲ್ಲು ಕಟ್ಟಲು ಶುರುವಾಯಿತು. ಅಕ್ಕಿ ಡಬ್ಬಕ್ಕೆ ಕಟ್ಟಿದ, ಗ್ಯಾಸಿಗೆ ಕಟ್ಟಿದ, ಬಾಗಿಲಿಗೆ ಕಟ್ಟಿದ. ಅಲ್ಲಿಗೆ ಮುಗಿಯಬೇಕಿತ್ತು. ಫ್ರಿಜ್ಜಿನ ಹಿಡಿಗೆ ಕಟ್ಟಿದ. ಮಕ್ಕಳ ಶಾಲೆಯ ಚೀಲಕ್ಕೆ, ನೀರಿನ ಬಾಟಲಿಗೆ, ಮೂರು ಗಾಲಿಯ ಸೈಕಲ್ಲಿಗೆ, ಪುಟ್ಟ ಶೂಗಳಿಗೆ ಕಟ್ಟಿದ. ಹುಲ್ಲಿನ ಅಂಚು ತಾಗಿ ಬೆರಳಲ್ಲಿ ಅಲ್ಲಲ್ಲಿ ರಕ್ತ. "ಸಾಕಪ್ಪಾ, ಸಾಕು" ಎಂದೆ. "ಇನ್ನ ಸ್ವಲ್ಪರಿ, ಇನ್ನ ಸ್ವಲ್ಪ" ಎನ್ನುತ್ತಾ ಬಿಟ್ಟುವಿನ ಕಾಲಿಗೇ ಒಂದು ಎಳೆ ಸುತ್ತಿದ. ಹುಡುಗ ಆಟವೆಂದುಕೊಂಡು ಇನ್ನೊಂದು ಕಾಲನ್ನೂ ಚಾಚಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಐದಕ್ಕೆ ಅಜ್ಜಿ ಬಂದರು. ಸಣ್ಣ ಅಂಚಿನ ಬಿಳಿ ಸೀರೆ, ಮೇಲೆ ಕಂದು ಶಾಲು, ಕೈಯಲ್ಲಿ ಮಕ್ಕಳ ಬಟ್ಟೆಗೆಂದು ತಂದ ಖಾಲಿ ಚೀಲ. ಮೊಮ್ಮಕ್ಕಳನ್ನು ಅಪ್ಪಿಕೊಂಡು ಅತ್ತು, ಕಣ್ಣೊರೆಸಿಕೊಂಡು ಸುತ್ತ ನೋಡಿದರು. ಎಲ್ಲಿ ನೋಡಿದರೂ ಹುಲ್ಲು. ನೋಡುತ್ತಾ ನೋಡುತ್ತಾ ಅವರ ಕಣ್ಣು ಗೋಡೆಯ ಮೇಲೆ ನಿಂತಿತು. ಹಾರ ಹಾಕಿದ ಮಗಳ ಫೋಟೋದ ಚೌಕಟ್ಟಿಗೂ ಈ ಪುಣ್ಯಾತ್ಮ ಹುಲ್ಲು ಹೆಣೆದು ಕಟ್ಟಿದ್ದ.

"ಇದೇನಿದು!" ಎಂದು ಅಜ್ಜಿ ಕೂಗಿದ್ದಕ್ಕೆ ಬಿಟ್ಟು ಬೆಚ್ಚಿದ. "ಇದು ಅಕ್ಕಿಗೆ ಕಟ್ಟೋದು, ಧಾನ್ಯಕ್ಕೆ ಕಟ್ಟೋದು! ಹೋದವಳಿಗೆ ಯಾರಾದರೂ ಕಟ್ಟುತ್ತಾರೆಯೇ? ಹೇಳು ಅವನಿಗೆ!"

ಹೇಳುವುದು ಎಂದರೆ ನಾನು. ಆಕೆಯ ಹಳ್ಳಿಯ ಬಂಗಾಳಿ ಆತನಿಗೆ ತಿಳಿಯದು, ಆತನ ಹಿಂದಿ ಆಕೆಗೆ ತಿಳಿಯದು. ಅತ್ತೆ ಅಳಿಯರ ನಡುವೆ ದುಭಾಷಿಯಾಗಿ ಯಾರು ನಿಂತಿದ್ದಾರೆ ನೋಡಿ, ಚಾಡಿ ಹೇಳಿದ ನಾನೇ! ಆಕೆ ಅಂದದ್ದನ್ನು ಕನ್ನಡದಲ್ಲಿ ಅಂದೆ.

ಆತ ಫೋಟೋ ನೋಡಿದ, ಅತ್ತೆಯನ್ನು ನೋಡಿದ. "ಪೂರಾ ಹೋಗಿಲ್ರಿ ಆಕಿ. ಇನ್ನೂ ಸ್ವಲ್ಪ ಮನ್ಯಾಗ ಅದಾಳ. ಉಳದಷ್ಟರೆ ಉಳೀಲಿ ಅಂತ ಕಟ್ಟೇನಿ. ತಪ್ಪಾಗಿದ್ರ ಬಿಚ್ಚತೇನಂತ ಹೇಳ್ರಿ."

ಬಂಗಾಳಿಯಲ್ಲಿ ಹೇಳಿದೆ. ಅಜ್ಜಿ ಹತ್ತಿರದ ಕುರ್ಚಿ ಎಳೆದು ಕೂತರು. ಬಿಚ್ಚು ಎನ್ನಲಿಲ್ಲ.

ಆಗ ಟುಕಿ ಅಜ್ಜಿಯ ಕೈಯಲ್ಲಿದ್ದ ಖಾಲಿ ಚೀಲವನ್ನು ಎಳೆದುಕೊಂಡು ಕೇಳಿದಳು: ದಿದಾ, ಹುಲ್ಲು ಕಟ್ಟಿದ ಮೇಲೆ ಮೂರು ದಿನ ಯಾರೂ ಎಲ್ಲಿಗೂ ಹೋಗಬಾರದು, ಮನೆಯಲ್ಲೇ ಕೂತು ಪಿಠೆ ತಿನ್ನಬೇಕು ಎಂದು ಮಾ ಹೇಳಿದ್ದಳಲ್ಲ, ನಾವು ಹೇಗೆ ಹೋಗುವುದು? ನನಗೆ ಆ ನಿಯಮ ಗೊತ್ತಿರಲಿಲ್ಲ. ಆತನ ಹಾಳೆಯಲ್ಲೂ ಅದು ಇರಲಿಲ್ಲ. ಆ ನಿಯಮವನ್ನು ಮಗಳಿಗೆ ಕಲಿಸಿದವರೇ ಆ ಅಜ್ಜಿ. ತಾವು ಕಲಿಸಿದ್ದನ್ನು ಮೊಮ್ಮಗಳ ಬಾಯಲ್ಲಿ ಕೇಳಿ ಇಲ್ಲ ಎನ್ನುವುದು ಹೇಗೆ? "ಆಯಿತು, ಮೂರು ದಿನ. ನಾಲ್ಕನೇ ದಿನ ಹೊರಡುವುದೇ" ಎಂದರು. ಆತನಿಗೆ ತಿಳಿಸಿದೆ. "ಮೂರ ದಿನಾರಿ?" ಎಂದ. ಗಲ್ಲಿಗೆ ಹೋಗುವವನಿಗೆ ವಾಯಿದೆ ಸಿಕ್ಕಿದಂತೆ ಆತನ ಮುಖ ಒಂದು ಕ್ಷಣ ಅರಳಿ ಮತ್ತೆ ಬಾಡಿತು.

ಆ ಮೂರು ದಿನ ಆತ ಮನೆಯಲ್ಲಿ ಓಡಾಡಿದ್ದು ನೋಡಿದರೆ ಶತ್ರುವಿಗೂ ಅಯ್ಯೋ ಅನ್ನಿಸಬೇಕು. ಐದಕ್ಕೆ ಎದ್ದು ನೆಲ ಒರೆಸುವುದು. ಟುಕಿಯ ತಲೆಗೆ ಎಣ್ಣೆ ಹಚ್ಚಿ ಎಳೆ ಎಳೆ ಬಿಡಿಸಿ ಜಡೆ ಹಾಕುವುದು, ಅದು ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕುವುದು. ಅತ್ತೆ ಮೀನಿಲ್ಲದೆ ಉಣ್ಣುತ್ತಿದ್ದಾರೆ ಎಂದು ತಾನೇ ಮೀನು ತಂದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ತೊಳೆದ. ಆಕೆ ವಿಧವೆ, ಮೀನು ಮುಟ್ಟುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದೆ ಎಂದು ನಾನೇ ಹೇಳಬೇಕಾಯಿತು. ಪಾಪ, ತೊಳೆದ ಮೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಅಜ್ಜಿ ಆಗ ಮುಖ ತಿರುಗಿಸಿಕೊಂಡರು. ನಕ್ಕರೋ ಅತ್ತರೋ ನನಗೆ ಕಾಣಲಿಲ್ಲ. ಮೂರನೇ ದಿನ ಮಧ್ಯಾಹ್ನ ಬಿಟ್ಟುವಿಗೆ ಉಣ್ಣಿಸುತ್ತಿದ್ದವನು ತುತ್ತು ಹಿಡಿದಂತೆಯೇ ಕೂತಲ್ಲಿ ನಿದ್ದೆ ಹೋದ. ತಟ್ಟೆ ಓರೆಯಾಗುತ್ತಿತ್ತು. ಅಜ್ಜಿ ಸದ್ದಿಲ್ಲದೆ ಬಂದು ತಟ್ಟೆ ತೆಗೆದುಕೊಂಡು ಉಳಿದ ಅನ್ನ ಉಣ್ಣಿಸಿದರು. ಅಪ್ಪ ಮಲಗಿದ್ದಾನೆ, ಮೆಲ್ಲಗೆ ಅಗಿ ಎಂದು ಮೊಮ್ಮಗನಿಗೆ ಸನ್ನೆ ಮಾಡಿದರು.

ನಾಲ್ಕನೇ ದಿನ ಬೆಳಗ್ಗೆ ನನಗೆ ಕರೆ ಬಂತು. ಹೋದರೆ, ಮಕ್ಕಳ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಿದೆ. ತುಂಬಿದವನು ಆತನೇ. ಮೂರು ದಿನಕ್ಕೆ ಒಪ್ಪಿದ್ದನಲ್ಲ. ಮಕ್ಕಳಿಗೆ ಸ್ವೆಟರು, ಮಂಕಿ ಟೋಪಿ ಹಾಕಿ ನಿಲ್ಲಿಸಿದ್ದ. ತಾನು ಗೋಡೆಗೆ ಒರಗಿ ನಿಂತಿದ್ದ.

"ಮಾ, ಇವನಿಗೆ ಒಂದೂ ಬಿಡದೆ ಹೇಳು" ಎಂದರು ಅಜ್ಜಿ ನನ್ನ ಕಡೆ ತಿರುಗಿ. "ನನ್ನ ಮನೆಯಲ್ಲಿ ಮಕ್ಕಳಿಗೆ ಹಾಲುಂಟು, ಅನ್ನವುಂಟು. ಆದರೆ ಇವರನ್ನು ಕರೆದುಕೊಂಡು ಹೋದರೆ ಇವನು ಬದುಕುವುದಿಲ್ಲ. ಈ ಮನೆಯಿಂದ ಎರಡನೆಯ ಹೆಣ ಏಳುವುದು ನನಗೆ ಬೇಡ. ನಾನೊಬ್ಬಳೇ ಹೋಗುತ್ತೇನೆ."

ಹೇಳಿದೆ. ಆತ ಗೋಡೆ ಹಿಡಿದು ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತ. ಬಿಟ್ಟು ಓಡಿ ಬಂದು ಬೆನ್ನ ಮೇಲೆ ಬಿದ್ದ. ಅಂಗೈ ಒರೆಸಿಕೊಳ್ಳುವುದನ್ನು ಆತ ಮರೆತದ್ದು ನಾನು ಕಂಡಂತೆ ಅದೊಂದೇ ಸಲ.

"ಇನ್ನೂ ಇದೆ" ಎಂದರು ಅಜ್ಜಿ. "ಮನೆಯ ಬೀಗದ ಕೈ ಒಂದು ಈ ಹೆಂಗಸಿನ ಹತ್ತಿರ ಇರಲಿ. ಅವತ್ತು ಮಕ್ಕಳು ಅತ್ತಾಗ ಕಿವಿಗೊಟ್ಟವಳು ಇವಳೊಬ್ಬಳೇ. ನನಗೆ ಫೋನು ಮಾಡಿ ತಿಳಿಸಿದವಳು ಇವಳು. ಹೇಳು ಅವನಿಗೆ."

ಬೇರೇನಾದರೂ ಹೇಳಿದ್ದರೆ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆಯೂ ಬಂತು, ಸುಳ್ಳೇಕೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಅಂದೆ: "ಬೀಗದ ಕೈ ಒಂದು ನನ್ನ ಹತ್ತಿರ ಇರಬೇಕಂತಪ್ಪಾ. ಅವತ್ತು ಅವರಿಗೆ ಫೋನ್ ಮಾಡಿದ್ದು ನಾನು."

ಆತ ಬೆನ್ನ ಮೇಲಿದ್ದ ಮಗನನ್ನು ಮೆಲ್ಲಗೆ ಇಳಿಸಿ ಎದ್ದ.

"ಗೊತ್ತದರಿ ಅಕ್ಕಾರ. ಟುಕಿ ಹೇಳಿದ್ಲು. ಅವತ್ತ ಬಾಗಲದ ಕೆಳಗ ನಿಮ್ಮ ಚಪ್ಪಲ ಕಂಡ್ವಂತ. ಆಂಟಿ ಬಂದ್ರು, ಬಾಗಲಾ ಬಡೀತಾರಂತ ತಮ್ಮಗ ಹೇಳಿ ಅಳೂದ ನಿಲ್ಲಿಸಿದ್ಲಂತ. ಭಾಳ ಹೊತ್ತ ನಿಂತಿದ್ರು, ಆಮ್ಯಾಲ ಹೋದ್ರು ಅಂದ್ಲು."

ಅದನ್ನು ಆತ ಸಿಟ್ಟಿನಿಂದ ಹೇಳಲಿಲ್ಲ. ಮಗಳು ಹೇಳಿದ್ದನ್ನು ಹಾಗೇ ಹೇಳಿದ. ಆಮೇಲೆ ಒಳಗೆ ಹೋಗಿ ಇನ್ನೊಂದು ಬೀಗದ ಕೈ ತಂದು ನನ್ನ ಕೈಗೆ ಕೊಟ್ಟ. ಟುಕಿ ಮಂಕಿ ಟೋಪಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. ಆ ಮಗುವಿಗೆ ಕನ್ನಡ ಮಾತಾಡಲು ಬಾರದು, ಆದರೆ ಎಲ್ಲ ತಿಳಿಯುತ್ತದೆ.

"ಕೀ ಬೊಲ್ಲೊ?" ಎಂದು ಅಜ್ಜಿ ಕೇಳಿದರು. ಏನಂದ?

"ಆಗಲಿ ಅಂದ" ಎಂದೆ.

ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, ನಿನ್ನಂಥ ನೆರೆಯವರು ಎಲ್ಲ ಮನೆಗೂ ಸಿಗಲಿ ಎಂದು ಹರಸಿದರು. ನಾನು ಬೀಗದ ಕೈ ಹಿಡಿದುಕೊಂಡು ತಲೆ ಬಗ್ಗಿಸಿ ನಿಂತೇ ಇದ್ದೆ.